ಸೈಫುದ್ದೀನ್ ಮರೆತ ಜಾಗ

ಹುಮನಾಬಾದಿನ ಕಾಳುಕಡಿಯ ಅಡತ್ ಬಜಾರಿನಲ್ಲಿ ಜೋಳದ ಚೀಲ ಹೊರುತ್ತಿದ್ದ ಸೈಫುದ್ದೀನ್ ಒಂದು ಕಾಲಕ್ಕೆ ಪೈಲ್ವಾನ. ಬಸವಕಲ್ಯಾಣದ ಕುಸ್ತಿ ತಾಲೀಮಿನ ಮಣ್ಣಿನಲ್ಲಿ ಬೆಳೆದ ಮೈ ಅವನದು. ಸೊಂಟ ಉಳುಕಿ ಅಖಾಡ ಬಿಟ್ಟ. ಹೊಟ್ಟೆ ಬಿಡಬೇಕಲ್ಲ, ಹಮಾಲಿಗೆ ಬಂದ. ಉಳುಕಿದ ಸೊಂಟಕ್ಕೆ ಚೀಲದ ಭಾರ ಬಿದ್ದರೆ ಏನಾಗುತ್ತದೆಂದು ಕೇಳಬೇಕೆ? ಜೊತೆಯ ಹಮಾಲರು ಚಹಾದೊಂದಿಗೆ ಕಡಲೆಕಾಳಿನಷ್ಟು ಅಫೀಮು ಕೊಟ್ಟರು. ನೋವು ಹೋಯಿತು. ಆಗ, ಸಾವಿರದ ಒಂಬೈನೂರ ಐವತ್ತಾರರಲ್ಲಿ, ಅಫೀಮು ಪರವಾನಗಿ ಅಂಗಡಿಯಲ್ಲೇ ಸಿಗುತ್ತಿತ್ತು. ಮುಂದೆ ಅಂಗಡಿ ಮುಚ್ಚಿತು, ಚಟ ಮುಚ್ಚಲಿಲ್ಲ.

ಅದು ನೋವನ್ನಷ್ಟೇ ತಿಂದಿದ್ದರೆ ಅವನ ಹೆಂಡತಿ ಹಜಿರಾ ಬೀ ಸುಮ್ಮನಿರುತ್ತಿದ್ದಳೇನೋ. ನೆನಪನ್ನೂ ತಿಂದಿತು. ಉಪ್ಪಿಗೆ ಹೋದವನು ಬೆಲ್ಲ ತರುತ್ತಿದ್ದ. ಬೆಲ್ಲಕ್ಕೆ ಹೋದವನು ಸಂಜೆಯಾದರೂ ಬರುತ್ತಿರಲಿಲ್ಲ. ಬೈದು, ನಕ್ಕು ಅವಳು ಎಲ್ಲವನ್ನೂ ಸಹಿಸಿದಳು, ಒಂದನ್ನು ಬಿಟ್ಟು.

ಅವರಿಗಿದ್ದದ್ದು ಒಬ್ಬಳೇ ಮಗಳು, ಮುನ್ನಿ. ಸಿಡುಬು ಅವಳನ್ನು ಒಯ್ದಿತು. ಮಣ್ಣಿಗೆ ಹೆಂಗಸರು ಹೋಗುವ ರೂಢಿಯಿಲ್ಲವಾಗಿ ಹಜಿರಾ ಬೀ ಹೊಸ್ತಿಲಲ್ಲೇ ಉಳಿದಳು. ಸಿಡುಬೆಂದು ಹೆದರಿ ಜನವೂ ಬರಲಿಲ್ಲ. ಸೈಫುದ್ದೀನ್ ತಾನೇ ಗೋರಿ ತೋಡಿದ. ಜೊತೆಗೆ ಹೋಗಿದ್ದ ಹಜಿರಾಳ ಮುದುಕ ತಂದೆ ಮರುವರ್ಷ ತೀರಿಕೊಂಡ. ಕಟ್ಟಿಸಿದ ಗೋರಿಯಲ್ಲ, ಬರೀ ಮಣ್ಣು. ಮಳೆ ಬಂದು ಎಲ್ಲ ಸಮ ಮಾಡಿತು.

ತೀರಿಕೊಂಡವರನ್ನು ನೆನೆಯುವ ಶಬೇ ಬರಾತಿಗೆ ಪ್ರತಿವರ್ಷ ಹಜಿರಾ ಬೀ ಹೂ ಕಟ್ಟಿ ಕೊಡುತ್ತಿದ್ದಳು, ಅವನು ಗೋರಿಗೆ ಹಾಕಿ ಬರುತ್ತಿದ್ದ. ಒಮ್ಮೆ ಹಬ್ಬದ ಮರುದಿನ ಪಕ್ಕದ ಮನೆಯ ಸುಗ್ರಾ ಬಾಗಿಲಿಗೆ ಬಂದಳು. ಇಬ್ಬರಿಗೂ ಮಾತು ಬಿಟ್ಟು ವರ್ಷಗಳಾಗಿದ್ದವು. ಹಜಿರಾಳ ಒಡೆದ ಬೀಸುಕಲ್ಲಿನ ಅರ್ಧ ಹೋಳು ಕಾಣೆಯಾದಾಗ ಕಳ್ಳತನವನ್ನು ಅವಳು ಸುಗ್ರಾಳ ತಲೆಗೆ ಕಟ್ಟಿದ್ದಳು.

“ಹಿಂದಿಂದೆಲ್ಲಾ ಬಿಡವ್ವ,” ಎಂದಳು ಸುಗ್ರಾ. “ನಿನ್ನ ಗಂಡ ಭಾಳ ದೊಡ್ಡ ಮನಸಿನಾವ. ವರ್ಷಾ ನಮ್ಮ ಮಾವನ ಗೋರಿಗೆ ಹೂ ಹಾಕ್ತಾನಂತ ನಮ್ಮ ಮನಿಯವ್ರು ಹೇಳಾಕತ್ತಿದ್ರು.”

ಹಾಗಾದರೆ ಹಜಿರಾ ಕಟ್ಟಿದ ಹೂ ಮುನ್ನಿಗೆ ಮುಟ್ಟಿರಲೇ ಇಲ್ಲ. ಗಂಡನ ಎದುರು ಕುಳಿತು ಕೇಳಿದಳು: “ಮುನ್ನಿ ಎಲ್ಲಿ ಅದಾಳ?”

“ಬೇವಿನ ಗಿಡದ ಕೆಳಗ. ಅಲ್ಲ, ಬಾಗಿಲ ಕಡೆ...” ಸೈಫುದ್ದೀನ್ ತಲೆ ಹಿಡಿದುಕೊಂಡ. “ನಂಗ ನೆನಪಿಲ್ಲ, ಹಜಿರಾ.”

ಹೆತ್ತ ಹೊಟ್ಟೆ ಉರಿಯಿತು. ಬಾವಿಯಿಂದ ನೀರು ತರುವಾಗ ದಿನವೂ ಎಂದಿನಂತೆ ಕಬ್ರಸ್ತಾನದ ಗೋಡೆಯ ಬಳಿ ಕೊಡ ಇಳಿಸಿ, ಗೋಡೆಗೆ ಒರಗಿ, ಅವಳು ಗಂಡನಿಗೆ ಶಾಪ ಹಾಕಿದಳು. ಶಾಪದಿಂದ ಗೋರಿ ಸಿಗುತ್ತದೆಯೇ? ಕೊನೆಗೆ ಊರ ತಾಲೀಮಿನ ಉಸ್ತಾದ ಮಚ್ಚೇಂದ್ರನ ಬಾಗಿಲಿಗೆ ಹೋಗಿ ಹೊರಗೇ ನಿಂತು ಗೋಳು ಹೇಳಿಕೊಂಡಳು. ಅವನು ಬಸವಕಲ್ಯಾಣದಲ್ಲಿ ಸೈಫುದ್ದೀನನ ಕುಸ್ತಿಯ ಜೋಡಿಯಾಗಿದ್ದವನು.

“ಕುಸ್ತಿ ಇನ್ನ ಅವನ ಕೈಲೆ ಆಗೂದಿಲ್ರಿ,” ಎಂದ ಮಚ್ಚೇಂದ್ರ. “ಅಖಾಡದ ಮಣ್ಣು ದಿನಾ ಅಗದು ಸಡಲ ಮಾಡ್ಬೇಕಲ್ಲ, ಅದನ್ನ ಮಾಡ್ಲಿ. ಮೈ ಬೆವತ್ರ ತಲಿ ತಿಳಿ ಆಗ್ತದ. ಕಳಸ್ರಿ.”

ಮೊದಲ ದಿನಗಳು ಯಾರಿಗೂ ಬೇಡ. ನಡುಗಿದ, ವಾಂತಿ ಮಾಡಿದ, ಗುದ್ದಲಿ ಎಸೆದು ಬಜಾರಿಗೆ ಓಡಿದ. ಮಚ್ಚೇಂದ್ರ ಹಿಡಿದು ತಂದ. ಹಜಿರಾ ಬೀ ಅಫೀಮಿನ ಗೋಲಿಯನ್ನು ಸೆರಗಿಗೆ ಕಟ್ಟಿಕೊಂಡು ದಿನದಿನಕ್ಕೆ ಸಣ್ಣದು ಮಾಡಿ ಕೊಟ್ಟಳು. ಬರಬರುತ್ತ ಅವನಿಗೆ ಹಸಿವಾಯಿತು, ನಿದ್ದೆ ಬಂತು. ಒಂದು ದಿನ ಉಪ್ಪಿಗೆ ಹೋದವನು ಉಪ್ಪನ್ನೇ ತಂದ. ಆ ದಿನ ಅವಳು ಒಲೆಯ ಮುಂದೆ ಕುಳಿತು ಅತ್ತಳು.

ಅಫೀಮನ್ನು ಪೂರ್ತಿ ಬಿಟ್ಟನೆಂದರೆ ಸುಳ್ಳಾಗುತ್ತದೆ. ಎಂಬತ್ತೊಂದನೆಯ ಇಸವಿಯಲ್ಲಿ ತೀರಿಕೊಳ್ಳುವವರೆಗೂ ಸಾಸಿವೆಯಷ್ಟು ತಿನ್ನುತ್ತಿದ್ದ. ಕೈಲಾಗುವವರೆಗೆ ಮಣ್ಣನ್ನೂ ಅಗೆದ. ಆದರೆ ಅರವತ್ತೈದರ ಚಳಿಗಾಲದ ಒಂದು ಬೆಳಗನ್ನು ಹೇಳದೆ ಬಿಟ್ಟರೆ ಅವನ ಬದುಕು ಹೇಳಿದಂತಾಗುವುದಿಲ್ಲ. ಅಂದು ಮೈತುಂಬ ಕೆಂಪು ಮಣ್ಣು ಮೆತ್ತಿಕೊಂಡು ಮನೆಗೆ ಓಡಿ ಬಂದ.

“ಬೇರು, ಹಜಿರಾ! ಅಖಾಡದಾಗ ಹೂತಿದ್ದ ಗೂಟಕ್ಕ ಗುದ್ದಲಿ ತಾಕ್ತು, ಕೈ ತಾನ ನಿಂತ್ವು. ಮುನ್ನಿಗೆ ಗೋರಿ ತೋಡಿದ ದಿನಾನೂ ಹಿಂಗ ನಿಂತಿದ್ವು. ಬೇವಿನ ಬುಡಕ್ಕ ತೋಡಾಕ ಹೋದ್ರ ಬೇರು ಬಂತು. ಕಡಿಯಾಕ ಮನಸಾಗ್ಲಿಲ್ಲ, ಗೋಡಿ ಕಡೆ ಸರದೆ. ನಡಿ, ತೋರಸ್ತೀನಿ!”

ಅವನು ಅವಳನ್ನು ಬಾವಿಯ ದಾರಿಯಲ್ಲೇ ಕರೆದೊಯ್ದ. ಅವಳು ದಿನಾ ಕೊಡ ಇಳಿಸುವ ಕಡೆ ನಿಂತು ಗೋಡೆ ಹಾರಿದ. ಒಳಗೆ, ಗೋಡೆಯ ಬುಡದಲ್ಲೇ, ಮೊಣಕಾಲೂರಿ ಮಣ್ಣು ಕೆದರಿದ. ಕರಿಕಲ್ಲೊಂದು ಕಂಡಿತು. ಬೀಸುಕಲ್ಲಿನ ಅರ್ಧ ಹೋಳು, ಗೂಟದ ತೂತು ಸಹಿತ. ತಲೆಯ ಗುರುತಿಗೆಂದು ಅವನೇ ಹುಗಿದದ್ದು. ಪಾಪ, ಸುಗ್ರಾ!

“ಇಲ್ಲೇ ಯಾಕ?” ಹಜಿರಾ ಗೋಡೆಯ ಮೇಲಿಂದ ಬಗ್ಗಿ ಕೇಳಿದಳು.

“ನಿಂಗ ಒಳಗ ಬರಾಕ ಆಗೂದಿಲ್ಲ. ದಿನಾ ಇಲ್ಲೇ ಕೊಡ ಇಳಸ್ತಿದ್ದೆಲ್ಲ, ಹತ್ತರ ಇರ್ಲಿ ಅಂತ.”

ಅವಳು ಗೋಡೆಗೆ ಎರಡೂ ಅಂಗೈ ಊರಿದಳು. “ಇಲ್ಲೇ ಒರಗಿ ನಿಂಗ ಆಡಬಾರದ್ದೆಲ್ಲಾ ಆಡೀನಿ. ಪೋರಿ ಎಲ್ಲಾ ಕೇಳ್ಯಾಳ.”

ಸೈಫುದ್ದೀನ್ ಅಂಗೈಯಿಂದ ಕಲ್ಲನ್ನು ಒರೆಸುತ್ತಿದ್ದ. “ಕೇಳ್ಲಿ ಬಿಡು. ಅಮ್ಮಾನ ದನಿ ದಿನಾ ಕೇಳ್ಯಾಳಲ್ಲ.”