ಅವ್ವ ಸುಣ್ಣ ಹೊಡೆಸಿದ ಬಗೆ

ಮೆಟ್ಟಿಲ ಮೇಲೆ ಹಸಿ ಸುಣ್ಣದ ವಾಸನೆ ಬಂದದ್ದೇ ಚಿಕ್ಕಂದಿನಲ್ಲಿ ನಾವಿದ್ದ ಘಾಟ್ಕೋಪರಿನ ಚಾಳು, ಆ ಒಂಟಿಕೋಣೆ ಮನೆಗಳ ಸಾಲು, ನೆನಪಾಯಿತು. ಇಲೆಕ್ಷನ್ ಬಂತೆಂದರೆ ಎರಡೂ ಪಾರ್ಟಿಯವರು ನಮ್ಮ ಗೋಡೆಯ ಮೇಲೆ ಹೆಸರು ಬರೆಸಲು ಬರುತ್ತಿದ್ದರು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಲ್ಲೇ ತಡೆಯುತ್ತಿದ್ದಳು.

"ಆ ಪಾರ್ಟಿಯವ್ರು ಇಡೀ ಚಾಳಿಗೆ ಸುಣ್ಣಾ ಹೊಡಸ್ತಾರಂತ. ನೀವೇನ್ ಮಾಡ್ತೀರಿ?"

ಅದನ್ನು ಕೇಳಿ ಇವರು ಚಾಳಿನ ನಳ ರಿಪೇರಿ ಮಾಡಿಸುತ್ತಿದ್ದರು; ನಳದ ಸುದ್ದಿ ಅವ್ವನಿಂದಲೇ ಕೇಳಿ ಆ ಪಾರ್ಟಿಯವರು ನಿಜಕ್ಕೂ ಸುಣ್ಣ ಹೊಡೆಸುತ್ತಿದ್ದರು.

ಒಂದು ಸಲ ಎರಡರಲ್ಲಿ ಒಂದು ಪಾರ್ಟಿ ಇಲೆಕ್ಷನ್ನಿಗೆ ನಿಲ್ಲಲೇ ಇಲ್ಲ. ಗೋಡೆ ಕೇಳಲೂ ಯಾರೂ ಬರಲಿಲ್ಲ, ನಳ ಒಣಗಿಯೇ ಇತ್ತು. ಗೆದ್ದವರ ಮೆರವಣಿಗೆಗೆ ಅಪ್ಪ ಚಪ್ಪಾಳೆ ತಟ್ಟಿದಾಗ ಅವ್ವ ಖಾಲಿ ಕೊಡ ಕುಕ್ಕಿ, "ಎದುರಿಗೆ ಯಾರೂ ಇಲ್ಲಂದ್ರ ನಮ್ಮ ಬಾಗಿಲಿಗೆ ಯಾಕ ಬರ್ತಾರ?" ಅಂದಳು.

ಇವತ್ತು ಮೆಟ್ಟಿಲ ಗೋಡೆಗೆ ಸುಣ್ಣ ಹೊಡೆಸುತ್ತಿರುವವರು ನಾನೀಗಿರುವ ಹೌಸಿಂಗ್ ಸೊಸೈಟಿಯ ಚೇರ್ಮನ್, ಇಷ್ಟು ವರ್ಷ ಅವಿರೋಧವಾಗಿ ಗೆದ್ದವರು. ಮೊನ್ನೆ ಈ ಸಲದ ಇಲೆಕ್ಷನ್ನಿಗೆ ಅವರೆದುರು ನಿಲ್ಲಲು ನಾನು ಅರ್ಜಿ ಹಾಕಿದೆ.