ಫೋಟೋದ ಮೂಲೆಯಲ್ಲಿದ್ದ ಸ್ಕೂಟರು

ಮನೆಗಳಿಗೆ ಬೆಲೆ ಅಂದಾಜು ಮಾಡುವವರ ಸಂಘದಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ಟೇಪಣ್ಣ ಎಂದು. ಅಳತೆಯ ಟೇಪು ಸೊಂಟದಲ್ಲಿಲ್ಲದೆ ತಮ್ಮ ಮದುವೆಗೂ ಹೋಗಿರಲಿಕ್ಕಿಲ್ಲ. ಇಪ್ಪತ್ತಾರು ವರ್ಷ ಗೋಡೆ ತಟ್ಟಿ, ನಲ್ಲಿ ತಿರುಗಿಸಿ ಬೆಲೆ ಕಟ್ಟಿದವರು. ಬೆಲೆ ಕಟ್ಟುವವನು ಹೇಗಿರಬೇಕೆಂದು ಭಾಷಣ ಮಾಡಿದ್ದು ಅದಕ್ಕಿಂತ ಹೆಚ್ಚು. 'ಹೊಸ್ತಿಲು ದಾಟದೆ ಸಹಿ ಹಾಕಬಾರದು' ಎಂಬ ಅವರ ನುಡಿಗೆ ಸಂಘದವರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಅದು ಆಗಾಗ ಓರೆಯಾಗುತ್ತಿತ್ತು. ನೆಟ್ಟಗೆ ಮಾಡುವವರೂ ಅವರೇ.

ಶಿಸ್ತು ಸಮಿತಿಯ ಅಧ್ಯಕ್ಷರೂ ಅವರೇ. ದೂರು ಬಂದ ವರದಿಯಲ್ಲಿ ಬರೆದವರ ಹೆಸರು, ಮೊಹರಿನ ಮೇಲೆ ಬಿಳಿ ಕಾಗದ ಅಂಟಿಸುವುದು, ಶಿಕ್ಷೆ ತೀರ್ಮಾನವಾದ ಮೇಲೆಯೇ ಅದನ್ನು ಕೀಳುವುದು ಅವರು ತಂದ ಪದ್ಧತಿ. ಮುಖ ನೋಡಿ ಮಣೆ ಹಾಕುವ ಚಾಳಿ ಬೇಡವೆಂದು.

ಆ ದಿನ ದೂರು ತಂದವಳು ಬಟ್ಟೆ ಹೊಲಿಯುವ ಹೆಂಗಸು. ಬಾಡಿಗೆಗಿದ್ದ ಮನೆಯನ್ನೇ ಕೊಂಡುಕೊಂಡಿದ್ದಳು. ಹಿತ್ತಲ ಗೋಡೆ ಗಟ್ಟಿಯಿದೆ ಎಂದು, ಕೊಳ್ಳುವ ಮುನ್ನ ಬ್ಯಾಂಕು ತರಿಸಿದ್ದ ವರದಿ ಹೇಳಿತ್ತು.

"ಬಿರುಕು ನಾನೂ ನೋಡಿದ್ದೆ ಸಾರ್. ತಿಳಿದೋರೇ ಗಟ್ಟಿ ಅಂದ್ಮೇಲೆ ಬರೀ ಗಾರೆ ಬಿಟ್ಟಿರ್ಬೇಕು ಅಂದ್ಕೊಂಡೆ. ಈಗ ಕಂಬ ಕೊಟ್ಟು ನಿಲ್ಲಿಸಿದೀವಿ, ಅಮ್ಮ ಆ ಕೋಣೇಲಿ ಮಲಗೋಕೇ ಹೆದರ್ತಾಳೆ. ಅಳೆಯೋರು ಬರ್ತಾರೆ ಅಂತ ಅವತ್ತು ಮೆಷಿನ್ನು, ಹಾಸಿಗೆ ಎಲ್ಲಾ ಸರಿಸಿಟ್ಟು ಕಾದೆ. ಯಾರೂ ಬರ್ಲಿಲ್ಲ. ನಾನಿಲ್ದಾಗ ಬಂದು ಹೋದ್ರೇನೋ ಅಂದ್ಕೊಂಡೆ."

ಟೇಪಣ್ಣ ಮೇಜು ಕುಟ್ಟಿದರು. "ಬೀದೀಲಿ ನಿಂತು ಮನೆ ಹೊಟ್ಟೇಲಿ ಏನಿದೆ ಅಂತ ಹೇಳೋನು ನಮ್ಮೋನಲ್ಲ, ಜ್ಯೋತಿಷಿ! ಒಂದು ವರ್ಷ ಸಹಿ ಹಾಕೋ ಹಕ್ಕು ಕಿತ್ಕೊಳ್ಳಿ!"

"ಮೊದಲ್ನೇ ತಪ್ಪಿರ್ಬಹುದು, ಮೂರು ತಿಂಗಳು ಸಾಕಲ್ವಾ ಅಣ್ಣ?" ಎಂದರು ಮುದುಕ ಕಾರ್ಯದರ್ಶಿ.

"ನಿಮ್ಮಂಥ ಬೆಣ್ಣೆ ಮನಸ್ಸಿನೋರಿಂದಲೇ ಈ ವೃತ್ತಿ ಕೆಟ್ಟಿದ್ದು!"

ಕಾರ್ಯದರ್ಶಿ ತೆಪ್ಪಗೆ ಪೆನ್ನು ತೆಗೆದರು. ಅಷ್ಟರಲ್ಲಿ ಟೇಪಣ್ಣ, ಶಾಸ್ತ್ರಕ್ಕೆಂಬಂತೆ, ವರದಿಯ ಕೊನೆಯ ಪುಟ ತಿರುಗಿಸಿದರು. ಬೀದಿಯಿಂದ ತೆಗೆದ ಮನೆಯ ಫೋಟೋ. ಗೇಟಿನ ಪಕ್ಕದ ಮೂಲೆಯಲ್ಲಿ ಒಂದು ಸ್ಕೂಟರು. ಅದರ ಸೀಟಿಗೆ ಚಿಂದಿ ಬಟ್ಟೆಗಳನ್ನು ಕೂಡಿಸಿ ಹೊಲಿದ ಹೂಹೂವಿನ ಕವರು. ತಮ್ಮ ಹೆಂಡತಿ ಹೊಲಿದದ್ದು. 'ಟೇಪಣ್ಣ ಸೋಫಾ ಸಮೇತ ಬಂದ್ರು' ಎಂದು ಇಡೀ ಸಂಘ ನಗುತ್ತಿದ್ದ ಕವರು.

ನೆನಪಾಯಿತು. ಉರಿಬಿಸಿಲು, ಮಂಡಿನೋವು, ಆ ದಿನದ ನಾಲ್ಕನೆಯ ಮನೆ. ಚೀಲದಲ್ಲಿ ಅದೇ ಮನೆಯ ಹಳೆಯ ವರದಿಯಿತ್ತು. ಆಗ ಗಟ್ಟಿಯಿದ್ದ ಗೋಡೆ ಈಗೆಲ್ಲಿಗೆ ಹೋಗುತ್ತದೆ ಎಂದುಕೊಂಡು, ಬೀದಿಯಲ್ಲೇ ನಿಂತು ಅದನ್ನೇ ನೋಡಿ ಬರೆದಿದ್ದರು.

ಹೆಬ್ಬೆರಳು ತಾನಾಗಿಯೇ ಸ್ಕೂಟರಿನ ಮೇಲೆ ಹೋಗಿ ಕೂತಿತು. ಅವರು ಕಾರ್ಯದರ್ಶಿಯ ಕಡೆ ತಿರುಗಿದರು.

"ಅಲ್ಲಾ... ಮೂರು ತಿಂಗಳು ಅಂದ್ರಲ್ಲ ನೀವು. ಅದನ್ನೂ ಯೋಚಿಸ್ಬಹುದೇನೋ."

ಕಾರ್ಯದರ್ಶಿ ಕನ್ನಡಕ ತೆಗೆದು ನೋಡಿದರು. "ಏನಣ್ಣ, ಮೈಗೆ ಹುಷಾರಿಲ್ವಾ?"

ಹೊಲಿಗೆಯವಳು ಮಾತ್ರ ತಲೆಯಾಡಿಸಿದಳು. "ಹಂಗೇ ಮಾಡಿ ಸಾರ್. ಅವ್ರಿಗೂ ಹೆಂಡ್ತಿ ಮಕ್ಳು ಇರ್ತಾರೆ. ನಿಮ್ಮಂಥೋರು ಹೇಳಿದ್ಮೇಲೆ ಅದೇ ನ್ಯಾಯ."

ಟೇಪಣ್ಣನಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ನೆಲ ಗಟ್ಟಿಯಾಗಿತ್ತು, ಸಂಘದ ಆ ಕೋಣೆಯನ್ನು ಅವರು ಒಳಗೆ ನಿಂತೇ ಅಳೆದಿದ್ದರು.

"ಒಂದು ವರ್ಷ ಅಂತಲೇ ಬರ್ಕೊಳ್ಳಿ," ಎಂದರು. ದನಿ ಅವರಿಗೇ ಕೇಳಿಸಲಿಲ್ಲ. ಬಿಳಿ ಕಾಗದವನ್ನು ತಾವೇ ಕಿತ್ತು ವರದಿಯನ್ನು ಮೇಜಿನ ನಡುವೆ ಇಟ್ಟರು. ಕಾರ್ಯದರ್ಶಿ ತಲೆ ಬಗ್ಗಿಸಿ ಬರೆದುಕೊಂಡರು. ಬೈದಿದ್ದರೆ ಆಗುತ್ತಿತ್ತು.

ಹೊಲಿಗೆಯವಳು ಹೆಸರನ್ನು ಓದಿದಳು, ಮುಖ ನೋಡಿದಳು, ಮತ್ತೆ ಹೆಸರನ್ನು ಓದಿದಳು.

"ನಾಳೆ ಬಂದು ಗೋಡೆ ನೋಡ್ತೀನಮ್ಮ. ರಿಪೇರಿಗೆ ಏನು ಬೇಕೋ ನನ್ನ ಜವಾಬ್ದಾರಿ," ಎಂದರು ಟೇಪಣ್ಣ, ಮೇಜನ್ನು ನೋಡುತ್ತ.

ಅವಳು ಚೀಲವನ್ನು ಹೆಗಲಿಗೇರಿಸಿ ಬಾಗಿಲವರೆಗೆ ಹೋಗಿ ತಿರುಗಿದಳು.

"ಒಳಗೆ ಬರ್ತೀರಾ ಸಾರ್? ಹಾಗಾದ್ರೆ ಹಾಸಿಗೆ ಸರಿಸಿಡ್ತೀನಿ."