ಪೇಂಟ್ ಬಕೆಟ್ಟಿನಲ್ಲಿ ನೆಟ್ಟ ಡಿಶ್

ಮೊನ್ನೆ ಶನಿವಾರ ಸ್ಕೂಲು ಮುಗಿಸಿ ಬಂದು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು ತಾರಸಿಯ ಮೇಲೆ ಡಿಶ್ ಕೂರಿಸುತ್ತಿದ್ದರು. ಗಂಡ ಮೇಲಿಂದ ‘ಬಂತಾ?’ ಅನ್ನುತ್ತಾನೆ, ಹೆಂಡತಿ ಒಳಗಿಂದ ‘ಇಲ್ಲ’ ಅನ್ನುತ್ತಾಳೆ. ‘ಈಗ?’ ‘ಈಗ್ಲೂ ಇಲ್ಲ.’ ಶಿಕಾರಿಪುರದ ನಮ್ಮ ಓಣಿಯಲ್ಲಿ ಈ ಸಂಭಾಷಣೆ ಕೇಳಿ ವರ್ಷಗಳೇ ಆಗಿದ್ದವು. ಈಗ ಎಲ್ಲರೂ ಎಲ್ಲವನ್ನೂ ಫೋನಿನಲ್ಲೇ ನೋಡಿ ಮುಗಿಸುತ್ತಾರಲ್ಲ. ನೀವೂ ಒಮ್ಮೆಯಾದರೂ ತಾರಸಿಯ ಮೇಲೆ ನಿಂತು ಹೀಗೆ ಕೂಗಿದವರಾಗಿದ್ದರೆ, ನಾನು ಕಾಫಿ ಆರುವ ತನಕ ಅಲ್ಲೇ ನಿಂತು ನಗುತ್ತಿದ್ದುದು ಯಾಕೆಂದು ನಿಮಗೆ ತಿಳಿಯುತ್ತದೆ.

ನನ್ನ ಸರದಿ ಬಂದದ್ದು ಮಗಳು ಹುಟ್ಟಿದ ಬೇಸಿಗೆಯಲ್ಲಿ. ಈಗ ಅವಳು ಎರಡನೇ ಕ್ಲಾಸು. ಹೆಂಡತಿ ವೀಣಾಳ ತವರು ಸೊರಬ ತಾಲ್ಲೂಕಿನ ಕ್ಯಾಸನೂರಿನ ಹತ್ತಿರ. ಬಾಣಂತನ ಅಲ್ಲೇ ಆಗಬೇಕಿತ್ತು. ಆದರೆ ಮಗು ಅವಸರ ಮಾಡಿ ದಿನ ತುಂಬುವ ಮೊದಲೇ ಬಂದದ್ದರಿಂದ, ಸ್ವಲ್ಪ ಕಾಲ ಆಸ್ಪತ್ರೆಗೆ ಹತ್ತಿರದಲ್ಲೇ ಇರಿ ಅಂದರು ಡಾಕ್ಟರು. ಹಾಗಾಗಿ ವೀಣಾ ತವರಿಗೆ ಹೋಗುವ ಬದಲು, ತವರೇ ಬಟ್ಟೆಯ ಚೀಲ, ಲೇಹ್ಯದ ಡಬ್ಬಿ ಹೊತ್ತು ನಮ್ಮ ಬಾಡಿಗೆ ಮನೆಗೆ ಬಂತು. ಅಂದರೆ ನಮ್ಮ ಅತ್ತೆ ಬಂದರು.

ಮನೆಯೆಂದರೆ ಒಂದು ಹಾಲು, ಒಂದು ರೂಮು, ಒಬ್ಬರು ಒಳಗೆ ಹೋಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡಿಗೆಮನೆ. ನಾನು ಹೈಸ್ಕೂಲು ಮೇಷ್ಟ್ರು. ಬೇಸಿಗೆ ರಜೆಯಾದ್ದರಿಂದ ಇಡೀ ದಿನ ಮನೆಯಲ್ಲೇ ಬಿದ್ದಿರುತ್ತಿದ್ದೆ. ನಮ್ಮ ಅತ್ತೆಯ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಜೊತೆ ನೇರವಾಗಿ ಮಾತಾಡುವ ರೂಢಿಯಿಲ್ಲ. ಮುನಿಸೇನಲ್ಲ, ಮರ್ಯಾದೆ. ನಾನು ಎದುರಿಗೇ ಕೂತಿದ್ದರೂ ‘ಊಟಕ್ಕೆ ಏಳಕ್ಕೆ ಹೇಳೇ ವೀಣಾ’ ಅನ್ನುತ್ತಿದ್ದರು. ವೀಣಾ ಮಲಗಿದ್ದರೆ ಅದೇ ಮಾತನ್ನು ಗೋಡೆಯ ಗಡಿಯಾರಕ್ಕೆ ಹೇಳುತ್ತಿದ್ದರು. ನಾನೂ ಗಡಿಯಾರಕ್ಕೇ ‘ಆಯ್ತು’ ಅಂದು ಏಳುತ್ತಿದ್ದೆ. ನಾನು ಹಾಲಿಗೆ ಬಂದರೆ ಅವರು ಅಡಿಗೆಮನೆಗೆ. ನಾನು ನೀರು ಕುಡಿಯಲು ಅಡಿಗೆಮನೆಗೆ ಹೋದರೆ ಅವರು ಹಿತ್ತಿಲಿಗೆ. ನನ್ನ ಮನೆಯಲ್ಲಿ ನಾನು ಕೆಮ್ಮಿ ಸೂಚನೆ ಕೊಟ್ಟು ಓಡಾಡುವ ಸ್ಥಿತಿ ಬಂದಿತ್ತು.

ಒಂದೆರಡು ವಾರ ಹೀಗೆ ಕಳೆದ ಮೇಲೆ ವೀಣಾ ಮೆಲ್ಲಗೆ ಹೇಳಿದಳು: “ಅಮ್ಮ ಸೋಮವಾರ ಊರಿಗೆ ಹೋಗ್ತೀನಿ ಅಂತಿದಾರೆ ಕಣ್ರೀ. ಹೊತ್ತೇ ಹೋಗ್ತಿಲ್ವಂತೆ. ಟಿವಿನಾದ್ರೂ ಇದ್ದಿದ್ರೆ ಆಗ್ತಿತ್ತು ಅಂದ್ರು.”

ಕಾಲು ನೀಡಿ ಕೂತು, ಅಂಗೈಯಗಲದ ಆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವುದು ನಮ್ಮ ಮನೆಯಲ್ಲಿ ಅತ್ತೆಗೆ ಮಾತ್ರ ಬರುತ್ತಿತ್ತು. ವೀಣಾಳಿಗೆ ಇನ್ನೂ ಎದ್ದು ಓಡಾಡುವಷ್ಟು ಶಕ್ತಿ ಬಂದಿರಲಿಲ್ಲ. ನನಗೋ, ಮಗುವನ್ನು ಎತ್ತಿಕೊಂಡರೆ ಕೆಳಗಿಡುವುದು ಹೇಗೆಂದೇ ಗೊತ್ತಾಗುತ್ತಿರಲಿಲ್ಲ. ಅತ್ತೆ ಹೊರಟುಹೋದರೆ ನಾವು ಮೂವರೂ ಸಾಲಾಗಿ ಕೂತು ಅಳುವುದೊಂದೇ ಬಾಕಿ.

ಟಿವಿ ಇರಲಿಲ್ಲವೆಂದಲ್ಲ. ಅಣ್ಣ ಕೊಟ್ಟ ಹಳೆಯದೊಂದು ಮೂಲೆಯಲ್ಲಿತ್ತು. ಅದರ ಮೇಲೆ ಒಗೆದ ಬಟ್ಟೆ ಮಡಚಿಡುತ್ತಿದ್ದೆವು. ಅದರಲ್ಲಿ ಚಿತ್ರ ಬರಿಸುವುದು ಹೇಗೆ ಅನ್ನುವುದೇ ಪ್ರಶ್ನೆ. ಕೇಬಲ್ಲಿನವನನ್ನು ಕೇಳಿದೆ. ಆಸ್ಪತ್ರೆಯ ಬಿಲ್ಲು ಕಟ್ಟಿ ಬಂದವನ ಕೈಗೆ ಎಟುಕುವ ಮಾತನ್ನು ಅವನು ಆಡಲಿಲ್ಲ. ಸರಿ, ಫೋನನ್ನು ಸ್ಟೀಲ್ ಲೋಟಕ್ಕೆ ಒರಗಿಸಿ ಅತ್ತೆಯ ಮೆಚ್ಚಿನ ಧಾರಾವಾಹಿ ಹಾಕಿಟ್ಟೆ. ಒಳ್ಳೇ ಘಟ್ಟದಲ್ಲಿ ನಮ್ಮ ಹೆಡ್ಮಾಸ್ಟರ ಕರೆ ಬಂತು. ಪರದೆಯ ಮೇಲೆ ಅವರ ಮೀಸೆಯ ಫೋಟೋ ಮೂಡಿದ್ದೇ ತಡ, ಅತ್ತೆ ಸೆರಗು ಸರಿಮಾಡಿಕೊಂಡು ಎದ್ದುಹೋದರು. ಆಮೇಲೆ ಹಳೇ ಸಾಮಾನಿನ ಅಂಗಡಿಯಿಂದ ಟಿವಿಯ ಮೇಲಿಡುವ ಎರಡು ಕಡ್ಡಿಯ ಆಂಟೆನಾ ತಂದೆ. ಅದನ್ನು ಎಷ್ಟು ತಿರುಗಿಸಿದರೂ ಟಿವಿಯಲ್ಲಿ ಜೋಳ ಹುರಿದ ಸದ್ದು. ಅದು ಹಿಡಿಯಬೇಕಾದ ಪ್ರಸಾರವೇ ನಮ್ಮ ಕಡೆ ನಿಂತುಹೋಗಿದೆ ಎಂದು ಆಮೇಲೆ ತಿಳಿಯಿತು. ಕೊನೆಗೆ ಉಳಿದದ್ದು, ಒಮ್ಮೆ ಕೊಂಡರೆ ತಿಂಗಳ ಬಾಡಿಗೆಯಿಲ್ಲದ ಉಚಿತ ಡಿಶ್.

ಮನೆಯ ಮಾಲೀಕರು ಮುಂದಿನ ಭಾಗದಲ್ಲೇ ಇದ್ದರು. ಮೆಕ್ಕೆಜೋಳದ ವ್ಯಾಪಾರಿ, ಒಳ್ಳೆಯವರು. ಗೋಡೆಯ ವಿಷಯ ಬಂದಾಗ ಮಾತ್ರ ಕಠಿಣ.

“ಡಿಶ್ ಹಾಕ್ರಿ ಮೇಷ್ಟ್ರೇ, ಬ್ಯಾಡ ಅನ್ನಲ್ಲ. ಆದ್ರ ಗ್ವಾಡಿಗಾಗ್ಲಿ ತಾರಸಿಗಾಗ್ಲಿ ಒಂದು ತೂತು ಹೊಡಿಯಂಗಿಲ್ಲ ನೋಡ್ರಿ. ಮಳಿಗಾಲಕ್ಕ ಸೋರಿದ್ರ ನಿಮ್ಮ ತಲಿ ಮ್ಯಾಲೇ ಸೋರ್ತೈತಿ.”

ತೂತಿಲ್ಲದೆ ಡಿಶ್ ನಿಲ್ಲುವುದು ಹೇಗೆ? ತಾರಸಿಯಲ್ಲಿ ತಲೆ ಕೆರೆದುಕೊಳ್ಳುತ್ತಿದ್ದಾಗ, ಮಾಲೀಕರ ಹೆಂಡತಿ ಖಾಲಿ ಪೇಂಟ್ ಬಕೆಟ್ಟಿನಲ್ಲಿ ಬೆಳೆಸಿದ ಕರಿಬೇವಿನ ಗಿಡ ಕಣ್ಣಿಗೆ ಬಿತ್ತು. ಗಿಡ ನಿಲ್ಲುವುದಾದರೆ ಡಿಶ್ ಯಾಕೆ ನಿಲ್ಲಬಾರದು? ಇನ್ನೊಂದು ಬಕೆಟ್ ಬೇಡಿ ತಂದೆ, ಕಬ್ಬಿಣದ ಪೈಪನ್ನು ನಡುವೆ ನಿಲ್ಲಿಸಿ ಸಿಮೆಂಟು, ಮರಳು, ಜಲ್ಲಿ ಕಲಸಿ ತುಂಬಿದೆ. ಒಣಗಿದ ಮೇಲೆ ಪೈಪಿನ ತುದಿಗೆ ಡಿಶ್ ಬಿಗಿದೆ. ಮನೆ ಬದಲಾಯಿಸಿದರೆ ಬಕೆಟ್ ಸಮೇತ ಎತ್ತಿಕೊಂಡು ಹೋಗಬಹುದು. ನನ್ನ ಬುದ್ಧಿಗೆ ನಾನೇ ಮೆಚ್ಚಿ, ಮೀಸೆಯ ಮೇಲೆ ಕೈಯಾಡಿಸಿಕೊಂಡೆ.

ಆದರೆ ಡಿಶ್ಶಿಗೆ ದಿಕ್ಕು ತೋರಿಸಬೇಕಲ್ಲ. ಮಕ್ಕಳಿಗೆ ಭೂಗೋಳ ಪಾಠ ಮಾಡುವ ನಾನು ಮೊದಲು ಅದನ್ನು ತಿರುಗಿಸಿದ್ದು ಬಳ್ಳಿಗಾವಿಯ ಕಡೆಗೆ. ಅಲ್ಲಿ ಚೆಂದದ ಹಳೇ ದೇವಸ್ಥಾನಗಳಿವೆ, ಉಪಗ್ರಹ ಇಲ್ಲ. ಸುತ್ತಲಿನ ತಾರಸಿಗಳನ್ನು ನೋಡಿ ಕಾಪಿ ಹೊಡೆಯೋಣವೆಂದರೆ ಒಂದೊಂದು ಕಂಪನಿಯ ಡಿಶ್ ಒಂದೊಂದು ಕಡೆ ಮುಖ ಮಾಡಿತ್ತು. ನಾನು ಮೇಲಿಂದ ‘ಬಂತಾ?’ ಅಂದೆ. ಟಿವಿಯ ಮುಂದಿದ್ದ ಅತ್ತೆ ‘ಬಂದಿಲ್ಲ ಅಂತ ಹೇಳೇ’ ಅಂದರು. ರೂಮಿನಿಂದ ವೀಣಾ ‘ಬಂದಿಲ್ಲಾ’ ಎಂದು ಕೂಗಿದಳು. ಮಗು ಎದ್ದು ಕಿರುಚಿತು.

ಮಗು ಮತ್ತೆ ಮಲಗಿದ ಮೇಲೆ ಕೂಗುವುದು ಬಂದ್ ಆಯಿತು. ಅತ್ತೆಯೇ ಹಿತ್ತಿಲ ಬಾಗಿಲಿಗೆ ಬಂದು ಕೈಸನ್ನೆ ಮಾಡತೊಡಗಿದರು. ಮುಖ ನನ್ನ ಕಡೆಗಿಲ್ಲ, ಬಟ್ಟೆ ಒಗೆಯುವ ಕಲ್ಲಿನ ಕಡೆಗೆ. ಸೆರಗಿನ ಮರೆಯಿಂದ ಒಂದು ಕೈ ಮಾತ್ರ ‘ಇಲ್ಲ’ ಎಂದು ಅಲ್ಲಾಡುತ್ತಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು. ನಾನು ಕೂದಲೆಳೆಯಷ್ಟು ತಿರುಗಿಸುತ್ತೇನೆ, ಅವರು ಒಳಗೆ ಹೋಗಿ ನೋಡಿ ಬರುತ್ತಾರೆ. ಅವರು ಬರುವುದರೊಳಗೆ ನಾನು ಇನ್ನಷ್ಟು ತಿರುಗಿಸಿರುತ್ತೇನೆ. ಹೀಗೆ ಸಿಗ್ನಲ್ ಎಷ್ಟು ಸಲ ಬಂದು ಹೋಯಿತೋ ದೇವರೇ ಬಲ್ಲ. ಕೊನೆಗೊಮ್ಮೆ ನಾನು ಮತ್ತೆ ಡಿಶ್ಶಿಗೆ ಕೈ ಹಾಕಿದಾಗ ಕೆಳಗಿನಿಂದ ಗಟ್ಟಿ ದನಿ ಕೇಳಿತು:

“ಅಲ್ಲೇ ಬಿಡಿ. ಅಲ್ಲಾಡಿಸ್ಬೇಡಿ ಮಾರಾಯ್ರೇ, ಬಂದದೆ.”

ಬಗ್ಗಿ ನೋಡಿದೆ. ಅತ್ತೆ ಹಿತ್ತಿಲಲ್ಲಿ ನಿಂತು ನೆಟ್ಟಗೆ ನನ್ನನ್ನೇ ನೋಡುತ್ತಿದ್ದರು. ಮದುವೆಯಾದಂದಿನಿಂದ ಅವರು ನನಗೇ ಎಂದು ಆಡಿದ ಮೊದಲ ಮಾತು ಅದು. ನಾನು ಡಿಶ್ಶಿಗಿಂತ ಬಿಗಿಯಾಗಿ ನಿಂತುಬಿಟ್ಟೆ. ಅವರಿಗೂ ಅರಿವಾಗಿರಬೇಕು, ಸರ್ರನೆ ಒಳಗೆ ಹೋದರು.

ಕೆಳಗಿಳಿದು ಬಂದು ಚಾನೆಲ್ ಹುಡುಕಿದೆ. ಅತ್ತೆಯ ಧಾರಾವಾಹಿ ಇಲ್ಲ. ಅದು ಬರುವ ಚಾನೆಲ್ಲೇ ಉಚಿತ ಡಿಶ್ಶಿನಲ್ಲಿ ಇಲ್ಲ. ಇದ್ದದ್ದು ಸರ್ಕಾರಿ ಕನ್ನಡ ಚಾನೆಲ್ಲು, ಅದರಲ್ಲಿ ಯಾರೋ ಒಬ್ಬರು ಭತ್ತದ ಬೆಂಕಿ ರೋಗದ ಬಗ್ಗೆ ಹೇಳುತ್ತಿದ್ದರು. ಉಳಿದದ್ದು ಹೆಚ್ಚಾಗಿ ಹಿಂದಿ. ನನಗೆ ಅಳುವೇ ಬಂತು. ಸೋಮವಾರ ಕಣ್ಣ ಮುಂದೆ ಕುಣಿಯಿತು. ಆದರೆ ಅತ್ತೆ ಮಣೆ ಎಳೆದುಕೊಂಡು ಹಾಲಿನಲ್ಲೇ ಕೂತರು. ನಾನೂ ಕುರ್ಚಿಯಲ್ಲಿ ಕೂತೆ. ಯಾರೂ ಅಡಿಗೆಮನೆಗೆ ಓಡಲಿಲ್ಲ. ಸೋಮವಾರವೂ ಅವರು ಮಗುವಿಗೆ ನೀರೆರೆದು, ಭತ್ತದ ರೋಗದ ಮುಂದೆ ಬಂದು ಕೂತರು.

“ಧಾರಾವಾಹಿ ಇಲ್ದಿದ್ರೂ ಉಳಿದ್ರಲ್ಲ?” ಎಂದು ವೀಣಾಳನ್ನು ಕೇಳಿದೆ.

“ಅಮ್ಮಂಗೆ ಬೇಕಿದ್ದಿದ್ದು ಧಾರಾವಾಹಿ ಅಲ್ರೀ. ನೀವೊಂದು ಮೂಲೆ, ಅವರೊಂದು ಮೂಲೆ, ಮನೇಲಿ ಸೂಜಿ ಬಿದ್ರೂ ಕೇಳ್ತಿತ್ತು. ಇಬ್ರೂ ಕಣ್ಣಿಡಕ್ಕೆ ಏನಾದ್ರೂ ಒಂದು ಬೇಕಿತ್ತು.”

ಇದು ನನಗೆ ಹೊಳೆದೇ ಇರಲಿಲ್ಲ. ಆ ಹೆಂಗಸು ನನ್ನ ಮನೆಯಲ್ಲಿ ಕೂರಲು ಒಂದು ಜಾಗ ಹುಡುಕುತ್ತಿದ್ದರು. ನಾನು ಉಪಗ್ರಹ ಹುಡುಕುತ್ತಿದ್ದೆ. ಅವರ ಮಾತು ಮೊದಮೊದಲು ಟಿವಿಗೆ ಹೋಗುತ್ತಿತ್ತು: ‘ಇವ್ರು ಹೇಳ ಔಷಧಿ ನಮ್ಮ ಗದ್ದೇಲಿ ನಡಿಯಲ್ಲ.’ ನಾನು ಟಿವಿಗೇ ‘ಹೌದು’ ಅನ್ನುತ್ತಿದ್ದೆ. ಅಂಬ್ಲಿಗೊಳ ಜಲಾಶಯದ ನೀರಿನ ಸುದ್ದಿ, ಅಡಿಕೆಯ ಧಾರಣೆ ಎನ್ನುತ್ತ ಮಾತು ಒಂದೊಂದೇ ಗೇಣು ನನ್ನ ಕಡೆಗೆ ಸರಿಯಿತು. ಅವರು ಊರಿಗೆ ಹೊರಟ ದಿನ ಬಸ್ಸಿನ ಕಿಟಕಿಯಿಂದ ‘ಅಳಿಯಂದ್ರೇ, ಹೋಗಿ ಬರ್ತೀನಿ’ ಅಂದರು. ಬಸ್ಸು ತಿರುವು ದಾಟುವ ತನಕ ನಾನು ಕೈ ಬೀಸುತ್ತಲೇ ಇದ್ದೆ.

ಮೊನ್ನೆ ಎದುರು ಮನೆಯ ತಾರಸಿ ನೋಡಿದ ಮೇಲೆ ಸುಮ್ಮನೆ ಕೂರಲಾಗದೆ ಆ ಸಂಜೆಯೇ ಅತ್ತೆಯ ಊರಿನ ಬಸ್ಸು ಹತ್ತಿದೆ. ನಾನು ಹೋದಾಗ ಅತ್ತೆ ಮೊಮ್ಮಕ್ಕಳ ನಡುವೆ ಧಾರಾವಾಹಿ ನೋಡುತ್ತ ಕೂತಿದ್ದರು. ಕತೆ ಬಿಸಿಯೇರಿತ್ತು, ಯಾರೋ ಯಾರಿಗೋ ವಿಷ ಬೆರೆಸುತ್ತಿದ್ದರು. ನನ್ನನ್ನು ಕಂಡವರೇ ರಿಮೋಟ್ ತೆಗೆದು ಟಿವಿ ಆರಿಸಿಬಿಟ್ಟರು. ಮಕ್ಕಳು ಗೊಣಗಿದವು.

“ಮುಗೀಲಿ ಅತ್ತೆ, ನೋಡಿ. ನಾನೇನು ಓಡಿಹೋಗ್ತೀನಾ?” ಅಂದೆ.

“ಅದನ್ನ ನಾಳೆ ಬೆಳಿಗ್ಗೆ ಮತ್ತೆ ಹಾಕ್ತಾರೆ,” ಅಂದರು ಅತ್ತೆ, ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಳ್ಳುತ್ತ. “ನೀವು ಅಷ್ಟೊತ್ತಿಗೆ ಬಸ್ ಹತ್ತಿರ್ತೀರಿ. ಹೇಳಿ.”